ನಿಂಬರ್ಗಾದ ಎಂಟುನೂರಾ ಇಪ್ಪತ್ನಾಲ್ಕು ಗಣಿಗಳು

ನಿಜಾಮರ ಆಳ್ವಿಕೆಯ ಫಸಲಿ ವರ್ಷ ೧೩೪೭ರಲ್ಲಿ ಆಳಂದ ತಾಲೂಕಿನ ನಿಂಬರ್ಗಾ ಗ್ರಾಮದಲ್ಲಿ ಒಟ್ಟು ಎಂಟುನೂರಾ ಇಪ್ಪತ್ನಾಲ್ಕು ಗಣಿಗಳಿದ್ದು, ಅವುಗಳ ಪೈಕಿ ಒಂದು ಬಂದ್ ಬಿದ್ದಿತ್ತು. ಇದು ಸರಕಾರಿ ದಾಖಲೆ. ಅನುಮಾನಿಸಲು ನಮಗೆ ಅಧಿಕಾರವಿಲ್ಲ.

ಹೈದರಾಬಾದಿನ ಒಂದು ಕಚೇರಿಯಿಂದ ಉರ್ದುವಿನಲ್ಲಿ ಪತ್ರ ಬಂದಿತ್ತು: ಗ್ರಾಮದಲ್ಲಿ ಎಷ್ಟು ಕಾನ್ ಇವೆ, ಆಳವೆಷ್ಟು, ಏನು ದೊರೆಯುತ್ತದೆ? ಉರ್ದುವಿನಲ್ಲಿ ಗಣಿಗೂ ಕಾನ್ ಅನ್ನುತ್ತಾರೆ, ಕಿವಿಗೂ ಕಾನ್ ಅನ್ನುತ್ತಾರೆ. ಊರ ಲೆಕ್ಕ ಬರೆಯುವ ಪಟವಾರಿ ದೌಲತರಾಯನಿಗೆ ಗೊತ್ತಿದ್ದದ್ದು ಕಿವಿ ಒಂದೇ. ಸರಕಾರ ಕೇಳಿದ ಮೇಲೆ ಯಾಕೆಂದು ಕೇಳುವ ಮನುಷ್ಯ ಅವನಲ್ಲ. ಮನೆಮನೆಗೆ ಹೋಗಿ ಎಣಿಸಿದ. ಮುದುಕ ಪೀರಪ್ಪನ ಎಡಗಿವಿ ಕೇಳುತ್ತಿರಲಿಲ್ಲ. ಅದನ್ನು ‘ಬಂದ್’ ಎಂದು ಪ್ರಾಮಾಣಿಕವಾಗಿ ನಮೂದಿಸಿದ. ಆಳ: ಕಿರುಬೆರಳಿನ ಒಂದು ಗೆಣ್ಣು. ದೊರೆಯುವ ವಸ್ತು: ಸಾಮಾನ್ಯವಾಗಿ ಗುಗ್ಗೆ, ಮಾಳಮ್ಮನ ಎರಡರಲ್ಲಿ ಬಂಗಾರ.

ಬಂಗಾರ ಎಂಬ ಶಬ್ದ ಓದಿ ಕಚೇರಿಗೆ ಕಚೇರಿಯೇ ಎದ್ದು ನಿಂತಿತು. ಕಲ್ಲಿನ ಶಾಸ್ತ್ರ ಕಲಿತ ಅಮೃತರಾಯರನ್ನು ಸುತ್ತಿಗೆ ಸಮೇತ ಕಳಿಸಲಾಯಿತು. ಪಾಪ, ಒಳ್ಳೆಯ ಮನುಷ್ಯ. ಮೂರು ದಿನ ತೊಗರಿ ಹೊಲದ ಬದುಗಳಲ್ಲಿ ಕರಿಗಲ್ಲು ಒಡೆದರು. ಕೋಟ್ಯಂತರ ವರ್ಷಗಳ ಹಿಂದೆ ಭೂಮಿ ಬಿರಿದು ಹರಿದ ಬೆಂಕಿ ಹೀಗೆ ಪದರು ಪದರಾಗಿ ತಣಿದು ಕಲ್ಲಾಗಿದೆ, ಇದರಲ್ಲಿ ಬಂಗಾರ ಸಿಗುವುದಿಲ್ಲ ಎಂದು ಖುಷಿಯಿಂದಲೇ ವಿವರಿಸಿದರು. ಹಾಗಾದರೆ ಬಂಗಾರದ ಕಾನ್ ಎಲ್ಲಿ ಎಂದು ಕೇಳಿದಾಗ ದೌಲತರಾಯ ಕಳೆ ತೆಗೆಯುತ್ತಿದ್ದ ಮಾಳಮ್ಮನನ್ನು ಕರೆದು ಮುಂದೆ ನಿಲ್ಲಿಸಿದ. ಅವಳ ಕಿವಿಗಳಲ್ಲಿ ಎರಡು ಪುಟ್ಟ ಬುಗುಡಿಗಳಿದ್ದವು. ಸತ್ತ ಅವ್ವನ ಗುರುತೆಂದು ಅವಳಿಗೆ ಉಳಿದದ್ದು ಅವಷ್ಟೇ.

ಅಮೃತರಾಯರು ನಗಲಿಲ್ಲ. ಇವು ಕಿವಿಗಳು, ಗಣಿಗಳಲ್ಲ ಎಂದು ಆರಂಭಿಸಿ, ಕರಿಗಲ್ಲಿನ ಸಂಗತಿಯನ್ನೆಲ್ಲ ಸೇರಿಸಿ ನಲವತ್ತು ಪುಟ ಬರೆದು ಕಳಿಸಿದರು. ಉತ್ತರ ಬಂತು:

‘ಗಣಿಗಳ ಸಂಖ್ಯೆ ವಾರ್ಷಿಕ ವರದಿಯಲ್ಲಿ ಅಚ್ಚಾಗಿದೆ. ಅಚ್ಚಾದ ಗಣಿಯನ್ನು ಕಿವಿ ಮಾಡಲು ನಿಯಮದಲ್ಲಿ ಅವಕಾಶವಿಲ್ಲ. ಚಾಲೂ ಗಣಿಯಲ್ಲಿ ದೊರೆತ ಬಂಗಾರ ಸರಕಾರದ್ದು. ವಶಪಡಿಸಿಕೊಳ್ಳುವುದು.’

ಅದನ್ನು ಓದಿ ಹೇಳಿದಾಗ ಮಾಳಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

“ಸಾಹೇಬ್ರ, ನಮ್ಮವ್ವ ಸಾಯೋ ಮುಂದ ತನ್ನ ಕೈಲೆ ಇಟ್ಟಾಳ್ರಿ ಇವು. ಬೇಕಾದ್ರ ಕಿವಿ ಕೊಯ್ಕೊಂಡು ಹೋಗ್ರಿ, ಬುಗುಡಿ ಕೊಡಂಗಿಲ್ಲ.”

ಅಮೃತರಾಯರು ಕಾಗದವನ್ನು ಇನ್ನೊಮ್ಮೆ ಓದಿ ‘ಚಾಲೂ’ ಎಂಬಲ್ಲಿ ಬೆರಳಿಟ್ಟರು.

“ಪೀರಪ್ಪನ ಎಡಗಿವಿಗೆ ಏನಂತ ಬರ್ದೀರಿ, ಪಟವಾರ್ರ?”

“ಬಂದ್ ಅಂತ ಬರ್ದೇನ್ರಿ.”

“ಹಂಗಾರ ಇವತ್ತಿನಿಂದ ಮಾಳಮ್ಮಗೂ ಕೇಳ್ಸಂಗಿಲ್ಲ.”

ಇದನ್ನು ಮಾತ್ರ ಮಾಳಮ್ಮ ಚೆನ್ನಾಗಿ ಕೇಳಿಸಿಕೊಂಡಳು. ಇಂದು ಬಂಗಾರ ಒಯ್ದವರು ನಾಳೆ ಹಿತ್ತಾಳೆಗೂ ಬಂದಾರೆಂದು ಊರಿನ ಉಳಿದವರೂ ಕೇಳಿಸಿಕೊಂಡರು.

ವಶಪಡಿಸಿಕೊಳ್ಳಲು ಬಂದ ಅಧಿಕಾರಿ ಚಾವಡಿಯಲ್ಲಿ ಗಂಟಲು ಹರಿಯುವಂತೆ ಕೂಗಿದ. ಊರಿಗೆ ಊರೇ ಅವನ ಬಾಯಿಯನ್ನು ಮಿಕಿಮಿಕಿ ನೋಡಿತು. ಅವನೇನು ದಡ್ಡನಲ್ಲ; ಬುಗುಡಿ ಮಾಫ್ ಆಗಿದೆ, ಎಲ್ಲರೂ ಮನೆಗೆ ಹೋಗಬಹುದು ಎಂದು ಮೆಲ್ಲಗೆ ಅಂದು ನೋಡಿದ. ಒಬ್ಬರೂ ಕದಲಲಿಲ್ಲ. ದೌಲತರಾಯನಂತೂ ಅಂದಿನಿಂದ ಕಚೇರಿಯ ವೇಳೆಯಲ್ಲಿ ಕೈಸನ್ನೆಯಲ್ಲೇ ವ್ಯವಹರಿಸತೊಡಗಿದ. ಎಂಟುನೂರಾ ಇಪ್ಪತ್ನಾಲ್ಕೂ ಬಂದ್ ಎಂದು ದಾಖಲಾಯಿತು.

ಇಷ್ಟು ಗಣಿಗಳನ್ನು ಕಾಯಲು ಒಬ್ಬ ಚೌಕಿದಾರ ಬೇಕಲ್ಲ. ಅನುಭವದ ಆಧಾರದ ಮೇಲೆ ಪೀರಪ್ಪನನ್ನು ನೇಮಿಸಲಾಯಿತು. ಕರಿಗಲ್ಲಿನ ನಲವತ್ತು ಪುಟಗಳನ್ನು ಯಾರೂ ತೆರೆಯಲಿಲ್ಲ. ಪೀರಪ್ಪ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಮನೆಮನೆಯ ಮುಂದೆ ನಿಂತು, “ಕಾನ್ ಬಂದ್ ಅವೇನ್ರಿ?” ಎಂದು ಕೂಗುತ್ತಿದ್ದ. ಉತ್ತರ ಬರದಿದ್ದರೆ ‘ಬಂದ್’ ಎಂದು ಗುರುತು ಹಾಕುತ್ತಿದ್ದ.

ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿ ಮಾಳಮ್ಮ ಒಮ್ಮೊಮ್ಮೆ ಮರೆತು, ಬುಗುಡಿ ಅಲ್ಲಾಡಿಸುತ್ತ, “ಹೂಂನಪ್ಪ, ಬಂದ್ ಅವ” ಎಂದು ಒಳಗಿನಿಂದ ಹೇಳಿಬಿಡುತ್ತಿದ್ದಳು. ಅದನ್ನೂ ಅವನು ‘ಬಂದ್’ ಎಂದೇ ಬರೆಯುತ್ತಿದ್ದ. ಅವಳ ಮನೆ ಅವನ ಎಡಗಿವಿಯ ಕಡೆಗೆ ಬರುತ್ತಿತ್ತು.