ಮೂರು ಗೋಡೆ, ಒಂದು ಶಟರ್

ಲೋಕದಲ್ಲಿ ಯಾರ್ಯಾರಿಗೋ ಸಮುದ್ರ ಕಾಣುವ ಕಿಟಕಿ ಇರುತ್ತದಂತೆ. ನನಗೆ ಸಮುದ್ರ ಬೇಡ. ಬೆಂಕಿಯಂಥ ಈ ಬರಾಂಕೀಯಾ ಊರಿನಲ್ಲಿ ನಮ್ಮ ಅಂಗಡಿಗೆ ಒಂದೇ ಒಂದು ಹೊರಗೋಡೆ ಇದ್ದಿದ್ದರೆ ಸಾಕಿತ್ತು. ನಮ್ಮದು ವಾಣಿಜ್ಯ ಸಂಕೀರ್ಣದ ನಟ್ಟನಡುವಿನ ಅಂಗಡಿ. ಎಡಗೋಡೆಯ ಆಚೆ ನನ್ನ ಹೆಂಡತಿಯ ತಂಗಿ ಒಡಾಲಿಸಳ ಬ್ಯೂಟಿ ಪಾರ್ಲರ್. ಬಲಗೋಡೆಯ ಆಚೆ ವಾಚು ರಿಪೇರಿಯ ಡಾನ್ ತಿಬುರ್ಸಿಯೊ (ನಮ್ಮಲ್ಲಿ ಹಿರಿಯರನ್ನು ಗೌರವದಿಂದ ಡಾನ್ ಎನ್ನುತ್ತೇವೆ, ಹೆಂಗಸರಾದರೆ ದೋನ್ಯಾ). ಹಿಂದೆ ಮೆಟ್ಟಿಲು. ಮುಂದೆ ಶಟರ್, ಅದರಾಚೆ ಎಲ್ಲರೂ ಓಡಾಡುವ ಓಣಿ. ಗಾಳಿ ದಾರಿ ತಪ್ಪಿ ಕೂಡ ನಮ್ಮ ಕಡೆ ಬರುವುದಿಲ್ಲ.

ನಾವು ಮಾರುವುದು ಫಾಹಾ, ಅಂದರೆ ಹೆಂಗಸರ ಹೊಟ್ಟೆ, ಸೊಂಟ, ತೊಡೆಗಳನ್ನು ಒಂದೇ ಏಟಿಗೆ ಶಿಸ್ತಿಗೆ ತರುವ ಬಿಗಿಯಾದ ಒಳಉಡುಪು. ನಮ್ಮೂರಲ್ಲಿ ಮದುಮಗನಿಲ್ಲದೆ ಬೇಕಾದರೆ ಮದುವೆ ನಡೆದೀತು, ಫಾಹಾ ಇಲ್ಲದೆ ನಡೆಯದು. ಆದರೆ ಅದನ್ನು ಹಾಕಿ ನೋಡದೆ ಯಾರೂ ಕೊಳ್ಳುವುದಿಲ್ಲ. ಬೆವರಿದ ಮೈಗೆ ಅದು ಹತ್ತುವುದೂ ಇಲ್ಲ.

ಕಳೆದ ಮಂಗಳವಾರ ದೋನ್ಯಾ ಎನೆಯ್ದಾ ಎಂಬ ಘನ ಗಾತ್ರದ, ಘನತೆವೆತ್ತ ಮಹಿಳೆ ಪರದೆಯ ಹಿಂದೆ ಹೋದರು. ಫಾಹಾ ಸೊಂಟದವರೆಗೆ ಏರಿ ಅಲ್ಲೇ ಠಿಕಾಣಿ ಹೂಡಿತು. ನನ್ನ ಹೆಂಡತಿ ನೊಯೆಮಿ ಮತ್ತು ಒಡಾಲಿಸ್ ಒಂದು ಡಬ್ಬಿ ಪೌಡರ್ ಸುರಿದು ಅರ್ಧ ಗಂಟೆ ಎಳೆದಾಡಿದರು. (ನಾನು ಮರ್ಯಾದೆಯಿಂದ ಓಣಿಯಲ್ಲಿ ನಿಂತಿದ್ದೆ. ಶಬ್ದಗಳು ಮಾತ್ರ ಕೇಳಿಸಿದವು.)

ಬಿಡುಗಡೆಯಾಗಿ ಹೊರಬಂದ ದೋನ್ಯಾ ಎನೆಯ್ದಾ ಉಸಿರು ಬಿಡುತ್ತ ಹೇಳಿದರು: "ನೋಡಮ್ಮ ನೊಯೆಮಿ, ಶನಿವಾರ ನನ್ನ ಮಗಳ ಮದುವೆ. ನಮ್ಮನೆ ಹದಿನಾಲ್ಕು ಹೆಂಗಸರಿಗೂ ಬೇಕು. ಶುಕ್ರವಾರ ಎಲ್ರನ್ನೂ ಕರ್ಕೊಂಡ್ ಬರ್ತೀನಿ. ಅಂಗಡಿ ತಣ್ಣಗಿದ್ರೆ ನಿಮ್ಹತ್ರ, ಇಲ್ದಿದ್ರೆ ದೊಡ್ಡ ಬೀದಿ ಅಂಗಡೀಲಿ."

ಹದಿನಾಲ್ಕು! ವರ್ಷವೆಲ್ಲ ನೊಣ ಹೊಡೆಯುವ ಅಂಗಡಿಗೆ ಒಂದೇ ದಿನ ಹದಿನಾಲ್ಕು! ಕೈತಪ್ಪಿದರೆ ಶಟರ್ ಎಳೆದು ಮನೆಗೆ ಹೋಗುವುದೇ ಸರಿ ಎನ್ನುವಂತಿತ್ತು ನಮ್ಮ ಸ್ಥಿತಿ.

"ಎವರಿಸ್ತೊ, ಏಸಿ ಹಾಕ್ಸು," ಎಂದಳು ನೊಯೆಮಿ.

"ಎಲ್ಲಿ ಹಾಕ್ಸ್ಲಿ? ಏಸಿ ಅಂದ್ರೆ ಅರ್ಧ ಒಳಗೆ, ಅರ್ಧ ಹೊರಗೆ. ನಮಗೆ ಹೊರಗೇ ಇಲ್ವಲ್ಲೇ!"

"ಇಪ್ಪತ್ತೆರಡು ವರ್ಷದಿಂದ ಈ 'ಇಲ್ಲ' ಅನ್ನೋ ಮಾತು ಬಿಟ್ಟು ಬೇರೇನು ತಂದಿದೀಯ ನೀನು ಮನೆಗೆ?"

ಇದಕ್ಕೆ ಉತ್ತರವಾಗಿ ನಾನು ಗುರುವಾರ ಒಂದು ಗಾಲಿ ಏಸಿ ತಂದೆ. ಗೋಡೆ ಬೇಡ, ನೆಲದ ಮೇಲೆ ಪೆಟ್ಟಿಗೆಯಂತೆ ನಿಲ್ಲುತ್ತದೆ. ಮುಂದಿನಿಂದ ತಂಪು ಉಗುಳುತ್ತದೆ, ಹಿಂದಿನಿಂದ ತೊಡೆಗಾತ್ರದ ಕೊಳವೆಯಲ್ಲಿ ಬಿಸಿ ಬಿಡುತ್ತದೆ. ಆ ಬಿಸಿಯನ್ನು ಎಲ್ಲಿಗೆ ಕಳಿಸುವುದು? ನನ್ನ ಮಹಾಮೇಧಾವಿ ಬುದ್ಧಿಗೆ ಹೊಳೆಯಿತು. ಫಾಲ್ಸ್ ಸೀಲಿಂಗಿನ ಒಂದು ಹಲಗೆ ಸರಿಸಿ ಕೊಳವೆಯನ್ನು ಮೇಲಕ್ಕೆ ತುರುಕಿದೆ. ಅಂಗಡಿ ತಣ್ಣಗಾಯಿತು. ನೊಯೆಮಿ ನನ್ನನ್ನು ಮದುವೆಯಾದ ಹೊಸತರಲ್ಲಿ ನೋಡಿದ ಹಾಗೆ ನೋಡಿದಳು. ಆ ರಾತ್ರಿ ನನಗೆ ಎರಡು ಮೀನು ಬಡಿಸಿದಳು.

ಆ ಸೀಲಿಂಗ್ ಎಲ್ಲ ಅಂಗಡಿಗಳ ಮೇಲೂ ಒಂದೇ ಹಾಸಾಗಿ ಹರಡಿತ್ತು ಎಂಬುದು ನನಗೆ ಶುಕ್ರವಾರ ಬೆಳಿಗ್ಗೆ ತಿಳಿಯಿತು.

ಮೊದಲು ಬಂದವರು ಡಾನ್ ತಿಬುರ್ಸಿಯೊ, ಕುರ್ಚಿ ಸಮೇತ. "ನನ್ನಂಗ್ಡೀಲಿ ಒಲೆ ಹಚ್ಚಿದ ಹಾಗಿದೆ ಮಾರಾಯ. ನಿಮ್ದು ಸ್ವರ್ಗ," ಎಂದು ಕೂತರು. ಕೂತವರಿಗೆ ಕಾಫಿ ಕೊಡದಿದ್ದರೆ ನಮ್ಮೂರಲ್ಲಿ ಮಾನ ಉಳಿಯುವುದಿಲ್ಲ, ಕೊಟ್ಟೆ. ಅವರ ಹಿಂದೆ ಲಾಟರಿಯವನು, ಬೀಗದವನು, ಚಪ್ಪಲಿ ಅಂಗಡಿಯ ಅಣ್ಣತಮ್ಮಂದಿರು ಬಂದರು. ಹತ್ತು ಗಂಟೆಗೆ ಡಾಮಿನೊ ಮೇಜು ಬಂತು. ಹನ್ನೊಂದಕ್ಕೆ ನಾನು ಮೂರನೇ ಕೆಟಲ್ ಇಟ್ಟಿದ್ದೆ. ನೇತಾಡುವ ಫಾಹಾಗಳ ಕೆಳಗೆ ಒಂಬತ್ತು ಗಂಡಸರು ಮೇಜು ಗುದ್ದುತ್ತ ಆಡುತ್ತಿದ್ದರು.

ಆಗ ಹದಿನಾಲ್ಕು ಹೆಂಗಸರು ಬಂದರು.

"ಈ ಗಂಡಸರ ಮುಂದೆ ಹಾಕಿ ನೋಡ್ಬೇಕಾ ನಾವು?" ಎಂದರು ದೋನ್ಯಾ ಎನೆಯ್ದಾ. ಹದಿಮೂರು ತಲೆಗಳು ಆಗಲೇ ಬಾಗಿಲ ಕಡೆ ತಿರುಗಿದ್ದವು.

ನೊಯೆಮಿ ಚಪ್ಪಾಳೆ ತಟ್ಟಿದಳು. "ಏಳಿ ಏಳಿ, ಎಲ್ರೂ ಹೊರಗೆ!"

"ಹೊರಗೆ ಎಲ್ಲಿಗಮ್ಮ?" ಡಾನ್ ತಿಬುರ್ಸಿಯೊ ಕದಲಲಿಲ್ಲ. "ನಿನ್ನ ಗಂಡನೇ ನಮ್ಮ ತಲೆ ಮೇಲೆ ಕುಲುಮೆ ಊದ್ತಾ ಇರೋದು. ಅದನ್ನ ನಿಲ್ಸು, ಎದ್ದು ಹೋಗ್ತೀವಿ."

ನಿಲ್ಲಿಸಿದರೆ ಫಾಹಾ ಏರುವುದಿಲ್ಲ, ನಿಲ್ಲಿಸದಿದ್ದರೆ ಗಂಡಸರು ಏಳುವುದಿಲ್ಲ. ನಾನು ದೇವರನ್ನು ನೆನೆದೆ. ನೊಯೆಮಿ ಮಾತ್ರ ಕುರ್ಚಿ ಹತ್ತಿ ಕೊಳವೆಯನ್ನು ಸೀಲಿಂಗಿನಿಂದ ಕಿತ್ತು ನನ್ನ ಕೈಗೆ ಕೊಟ್ಟಳು.

"ಓಣಿ ಮೇಲೆ ಗಾಜಿನ ಸೂರಲ್ಲಿ ತೂತಿದೆ ನೋಡು. ಅದಕ್ಕೆ ನೇರ ಹಿಡ್ಕೊ. ಆ ಕಡೆ ಈ ಕಡೆ ತಿರುಗ್ಬಾರ್ದು."

"ಹಗ್ಗದಲ್ಲಿ ಕಟ್ಟೋಣವೇ..."

"ಹಗ್ಗ ಬಾಗತ್ತೆ. ನೀನು ಬಾಗಿದ್ರೆ ನಾನು ಕೇಳ್ತೀನಿ."

ಒಂಬತ್ತು ಗಂಡಸರು ಹೊರಗೆ, ಹದಿನಾಲ್ಕು ಹೆಂಗಸರು ಒಳಗೆ. ಶಟರ್ ಇಳಿಯಿತು, ಕೊಳವೆಗೆಂದು ಕೆಳಗೆ ಒಂದು ಗೇಣು ಬಿಟ್ಟು. ಕೈ ಮೇಲೆತ್ತಿ ನಾನು ನಾಲ್ಕು ಗಂಟೆ ನಿಂತೆ. ಒಳಗಿನಿಂದ ತಂಪಾದ ನಗು ಕೇಳುತ್ತಿತ್ತು. ನನ್ನ ಪಕ್ಕದಲ್ಲೇ ಡಾಮಿನೊ ಮುಂದುವರಿಯಿತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈ ಇರಲಿಲ್ಲ. ಯಾರೂ ಒರೆಸಲೂ ಇಲ್ಲ. ಅಯ್ಯೋ, ನನ್ನ ಜನ್ಮವೇ!

ಶಟರ್ ಮೇಲೆದ್ದಾಗ ಹದಿನಾಲ್ಕೂ ಮಾರಾಟವಾಗಿದ್ದವು. ನೊಯೆಮಿ ಬಂದು ತನ್ನ ಕರವಸ್ತ್ರದಿಂದ ನನ್ನ ಮುಖ ಒರೆಸಿದಳು.

ಅಷ್ಟರಲ್ಲಿ ಒಡಾಲಿಸ್ ಇಣುಕಿದಳು. "ಅಕ್ಕಾ, ಸೋಮವಾರ ಆ ಪೆಟ್ಟಿಗೆ ನಂಗೆ ಕೊಡೇ."

"ತಗೊಂಡ್ಹೋಗು. ಆದ್ರೆ ಅದೊಂದೇ ಕೆಲಸ ಮಾಡಲ್ಲ, ಇವನನ್ನೂ ಕರ್ಕೊಂಡ್ಹೋಗು. ಊಟ ನೀನೇ ಹಾಕ್ಬೇಕು."

"ಹಾಗಾದ್ರೆ ಮಂಗಳವಾರ ನಂಗೆ," ಎಂದರು ಡಾನ್ ತಿಬುರ್ಸಿಯೊ ಡಾಮಿನೊದಿಂದ ತಲೆಯೆತ್ತದೆ. ಬೀಗದವನು ಗುರುವಾರ ಕೇಳಿದ. ನೊಯೆಮಿ ಕ್ಯಾಲೆಂಡರ್ ಇಳಿಸಿ ಬರೆದುಕೊಳ್ಳತೊಡಗಿದಳು.

"ಭಾನುವಾರ?" ಎಂದೆ ನಾನು ಕ್ಷೀಣ ಸ್ವರದಲ್ಲಿ. ತೋಳುಗಳು ಇನ್ನೂ ಕೆಳಗಿಳಿದಿರಲಿಲ್ಲ.

"ಭಾನುವಾರ ಎಲ್ಲ ಅಂಗಡೀನೂ ಮುಚ್ಚಿರತ್ತಲ್ಲ," ಎಂದಳು ನೊಯೆಮಿ ಪ್ರೀತಿಯಿಂದ. "ಅವತ್ತು ಅಮ್ಮನ ಮನೇಗೆ ತಗೊಂಡು ಹೋಗೋಣ."