ಕಾಲುಚೀಲ ಹೊಲಿದ ಸೈನಿಕ

ಆ ಸೈನಿಕ ಎಲ್ಲರಂತೆ ಗುಂಡು ಹಾರಿಸುತ್ತ ಕೂತಿದ್ದರೆ ಕನ್ನಡ ಮೇಷ್ಟರಿಗೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ಎಂಟನೇ ತರಗತಿಯ ಪಾಠದಲ್ಲಿದ್ದ ಆ ಪುಣ್ಯಾತ್ಮ, ಸುತ್ತ ಶೆಲ್ಲುಗಳು ಬೀಳುತ್ತಿರುವಾಗ ಕಂದಕದಲ್ಲಿ ಕೂತು ಹರಿದ ಕಾಲುಚೀಲ ಹೊಲಿಯುತ್ತಿದ್ದ. ಮೂರೇ ಪುಟದ ಯುದ್ಧದ ಕತೆ. ಅವನು ಎಂಥವನೆಂದು ಕತೆಗಾರ ಎಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೇ ಯಾವ ತಂತ್ರಗಳಿಂದ ತೋರಿಸಿದ್ದಾನೆ ಎಂಬುದನ್ನು ಮೇಷ್ಟರು ಈವತ್ತು ತಪಾಸಣೆಯ ಸಾಹೇಬರ ಎದುರಿಗೆ ಪಾಠ ಮಾಡಬೇಕಿತ್ತು.

ಪಾಠ ಕೆಟ್ಟರೆ ಗುಡ್ಡದಾಚೆಯ ಶಾಲೆಗೆ ವರ್ಗ ಖಂಡಿತ. ಅಲ್ಲಿಗೆ ದಿನಕ್ಕೊಂದೇ ಬಸ್ಸು. ಎರಡು ವರ್ಷದಲ್ಲಿ ಐವರು ಮೇಷ್ಟರು ಅಲ್ಲಿಂದ ಓಡಿಬಂದಿದ್ದರು.

"ಅಲ್ಲಿಗೆ ಹಾಕಿದ್ರೆ ನೀವೊಬ್ರೇ ಹೋಗಿ. ನಾನು ಕೆಲಸ ಬಿಟ್ಟು ಬರೋಳಲ್ಲ," ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು. ಹೆಂಡತಿ ಮಕ್ಕಳನ್ನು ಬಿಟ್ಟಿರುವುದನ್ನು ನೆನೆದರೇ ಮೇಷ್ಟರಿಗೆ ಅಳು ಬರುತ್ತಿತ್ತು.

ಶಿಕ್ಷಕರ ಕೋಣೆಯಲ್ಲಿ ಕೂತು ಟಿಪ್ಪಣಿ ಬರೆದರು: 'ಕಾಲುಚೀಲ ಮನೆಯ ಸಂಕೇತ. ಸೈನಿಕ ಭಾವುಕ.' ಹನ್ನೆರಡು ವರ್ಷ ಸೈನ್ಯದಲ್ಲಿದ್ದು ಬಂದ ಡ್ರಿಲ್ ಮೇಷ್ಟರು ಹೆಗಲ ಮೇಲಿಂದ ಇಣುಕಿದರು.

"ಯಾವ ಸಂಕೇತ ರೀ? ಕಾಲುಚೀಲ ತೂತಾದ್ರೆ ಕಾಲಿಗೆ ಬೊಬ್ಬೆ ಬರುತ್ತೆ. ಶಿಸ್ತಿನ ಮನುಷ್ಯ ಅಂತ ಬರೀರಿ."

ಮೇಷ್ಟರು ಬರೆದದ್ದನ್ನು ಹೊಡೆದುಹಾಕಿ ಹಾಗೇ ಬರೆದರು. ಗಣಿತದ ಮೇಡಂ ಸುಮ್ಮನಿರಬೇಕಲ್ಲ!

"ಸೂಜಿ ಮೂರು ಸಲ ಬೆರಳಿಗೆ ಚುಚ್ಚಿತು ಅಂತಿದೆ. ಒಂದು ಸಲ ಆದ್ರೆ ಆಕಸ್ಮಿಕ. ಮೂರು ಸಲ ಅಂದ್ರೆ ಕೈ ನಡುಗ್ತಿದೆ. ಪುಕ್ಕಲ ಅವನು."

"ಚಳಿಗೆ ನಡುಗುತ್ತೆ ಮೇಡಂ! ನೀವು ಕಂದಕದಲ್ಲಿ ಕೂತಿದ್ರಾ?"

"ನೀವು ಕತೇಲಿ ಕೂತಿದ್ರಾ?"

ಡ್ರಿಲ್ ಮೇಷ್ಟರು ಮೇಜು ಗುದ್ದಿದ ರಭಸಕ್ಕೆ ಚಹಾದ ಲೋಟ ಉರುಳಿ ಟಿಪ್ಪಣಿಯೆಲ್ಲ ಕಲಸಿಹೋಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮೇಷ್ಟರ ತಲೆಯಲ್ಲಿ ಭಾವುಕ, ಶಿಸ್ತಿನವ, ಪುಕ್ಕಲ ಮೂವರೂ ಕಿತ್ತಾಡುತ್ತಿದ್ದರು. ಹಲಗೆಯ ಮೇಲೆ ಬರೆಯಹೋದರೆ ಸೀಮೆಸುಣ್ಣ ಮುರಿಯಿತು. ಇನ್ನೊಂದು ತೆಗೆದರೆ ಅದೂ ಮುರಿಯಿತು, ಮೂರನೆಯದೂ ಮುರಿಯಿತು. ಕೊನೆಗೆ ಸಿಕ್ಕ ಚೂರಿನಿಂದಲೇ ಏನೋ ಗೀಚಿ, ಅಡ್ಡಗೋಡೆಯ ಮೇಲೆ ದೀಪವಿಟ್ಟು ಪಾರಾಗಲು ನೋಡಿದರು.

"ಮಕ್ಕಳೇ, ಅವನು ಧೀರನೋ ಪುಕ್ಕಲನೋ ಕತೆಗಾರ ಹೇಳೋದೇ ಇಲ್ಲ. ಬಾಯಿಮಾತನ್ನ ನಂಬೋಕಾಗಲ್ಲ ಅಂತ ಅವನಿಂದ ಒಂದು ಮಾತೂ ಆಡಿಸಲ್ಲ. ಕೈಯನ್ನಷ್ಟೇ ತೋರಿಸ್ತಾನೆ. ಒಂದು ಕಡೆ ಅಷ್ಟು ದೊಡ್ಡ ಯುದ್ಧ, ಇನ್ನೊಂದು ಕಡೆ ಇಷ್ಟೇ ಇಷ್ಟು ಸೂಜಿ. ಕೈ ನಡುಗಿದರೂ ಹೊಲಿಗೆ ನಿಲ್ಲಲ್ಲ. ಅವನು ಎಂಥವನು? ನೀವೇ ಹೇಳಿ!"

ಮಕ್ಕಳು ನಾ ಮುಂದು ತಾ ಮುಂದು ಎಂದು ಉತ್ತರ ಹೇಳತೊಡಗಿದರು. ಸಾಹೇಬರು ಎದ್ದು ಬಂದು ಮೇಷ್ಟರ ಕೈ ಹಿಡಿದುಕೊಂಡರು.

"ಇಂಥ ಪಾಠ ಕೇಳಿ ಎಷ್ಟು ವರ್ಷ ಆಯ್ತು!"

ಮೇಷ್ಟರಿಗೆ ಹೋದ ಜೀವ ಬಂದಂತಾಯಿತು.

"ನೀವು ಹೇಳಿದ ಹಾಗೇ ನಾನೂ ಮಾತು ಬಿಟ್ಟು ನಿಮ್ಮ ಕೈ ನೋಡ್ತಿದ್ದೆ. ಮೂರು ಸೀಮೆಸುಣ್ಣ ಮುರೀತು, ಕೈ ಗಡಗಡ ನಡುಗ್ತಿತ್ತು. ಆದ್ರೂ ನಿಲ್ಲಿಸ್ಲಿಲ್ಲ. ನೀವು ಓಡಿಹೋಗೋ ಆಸಾಮಿ ಅಲ್ಲ. ಗುಡ್ಡದಾಚೆ ಶಾಲೆಗೆ ಇಂಥವರನ್ನೇ ಹುಡುಕ್ತಿದ್ದೆ. ಸೋಮವಾರದಿಂದ ಅಲ್ಲಿಗೆ ಹೋಗಿ."

"ಅಯ್ಯೋ ಸಾರ್, ನಾನು ಪುಕ್ಕಲ ಸಾರ್!"

"ಬಾಯಿಮಾತನ್ನ ನಂಬೋಕಾಗಲ್ಲ ಅಂತ ಈಗ್ತಾನೆ ನೀವೇ ಕಲಿಸಿದ್ರಲ್ಲ ಮೇಷ್ಟ್ರೇ," ಎಂದು ನಗುತ್ತ ಸಾಹೇಬರು ವರ್ಗಾವಣೆ ಕಾಗದಕ್ಕೆ ಸಹಿ ಹಾಕಿದರು.