ಪಂಪಮ್ಮನ ಎಡೆ

"ಆಕಿಗೆ ಏನು ಸೇರ್ತಿತ್ತೋ ಅದನ್ನ ಎಡಿಗೆ ಇಡಬೇಕ್ರಿ. ಏನಿಷ್ಟ ಇತ್ತು ಪಂಪಮ್ಮಗ?"

ಪಕ್ಕದ ಮನೆಯ ಗುರುಶಾಂತಮ್ಮ ಕೇಳಿದ್ದು ಇಷ್ಟೇ. ಸಣ್ಣಬಸಪ್ಪ ಪಾಠ ಓದದೆ ಪರೀಕ್ಷೆಗೆ ಬಂದ ಹುಡುಗನ ಹಾಗೆ ಮೇಲಿನ ಜಂತಿ ನೋಡತೊಡಗಿದ. ಹೆಂಡತಿ ತೀರಿಕೊಂಡು ಅಂದಿಗೆ ಹನ್ನೊಂದನೇ ದಿನ. ಸಂಜೆ ಅವಳ ಫೋಟೊದ ಮುಂದೆ ಎಲೆ ಹಾಕಿ, ಅವಳಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹೋದವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ. ಇಷ್ಟವಿಲ್ಲದ್ದನ್ನು ಬಡಿಸಿದರೆ ಹಸಿದುಕೊಂಡೇ ಹೋಗುತ್ತಾರಂತೆ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ದಾರ, ಗುಂಡಿ, ಜಿಪ್ಪು ಮಾರುವ ಅಂಗಡಿ ಸಣ್ಣಬಸಪ್ಪನದು. ಯಾವ ಟೇಲರಿಗೆ ಯಾವ ಬಣ್ಣದ ದಾರ ಬೇಕೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾನು. ಹೆಂಡತಿಯ ವಿಷಯಕ್ಕೆ ಬಂದರೆ ಬಾಯಿಗೆ ಬೀಗ. ಅವನು ಉಂಡೆದ್ದ ಮೇಲೆ ಅವಳು ಕೂರುತ್ತಿದ್ದಳು. ಅಷ್ಟರಲ್ಲಿ ಅವನು ಅಂಗಡಿ ಸೇರಿರುತ್ತಿದ್ದ. ಅವಳು ಏನು ಉಣ್ಣುತ್ತಿದ್ದಳೋ ಆ ಶಿವನೇ ಬಲ್ಲ.

"ಆಕಿಗೆ ಎಲ್ಲಾ ಇಷ್ಟ ಇತ್ತ್ರಿ," ಎಂದ.

"ಎಲ್ಲಾ ಅಂದ್ರ ಏನೂ ಗೊತ್ತಿಲ್ಲ ಅಂದಂಗಾತು. ಇಷ್ಟು ವರ್ಷ ಸಂಸಾರ ಮಾಡೀರಿ! ಸಂಜಿಗೆ ಬರ್ತೀನಿ, ಅಷ್ಟ್ರಾಗ ನೆನಪು ಮಾಡ್ಕೊಳ್ರಿ," ಎಂದು ಗುರುಶಾಂತಮ್ಮ ಮನೆಗೆ ನಡೆದಳು.

ಬೊಮ್ಮನಹಾಳಿನಿಂದ ಬಂದಿದ್ದ ಪಂಪಮ್ಮನ ತಮ್ಮ ಯರ್ರಿಸ್ವಾಮಿ ಮುಂದೆ ಬಂದ. "ಮಾವ, ಅಕ್ಕಗ ಶೇಂಗಾ ಹೋಳಿಗಿ ಅಂದ್ರ ಪ್ರಾಣ. ನಾ ಬಂದಾಗೆಲ್ಲ ಮಾಡ್ತಿದ್ಲು."

"ನೀ ಬಂದಾಗ ಮಾಡ್ತಿದ್ಲು ಅಂದ್ರ ಅದು ನಿನಗ ಇಷ್ಟ, ಮಾಮ," ಎಂದಳು ಮಗಳು ವಿದ್ಯಾಶ್ರೀ. "ಅವ್ವಗ ಇಷ್ಟ ಇದ್ದದ್ದು ಬದನಿಕಾಯಿ ಎಣ್ಣಿಗಾಯಿ. ನಾ ತವರಿಗೆ ಬಂದ್ರ ಅದು ತಪ್ಪಿದ್ದಿಲ್ಲ."

"ಹಂಗಾದ್ರ ಅದು ನಿನಗ ಇಷ್ಟ!"

ಇಬ್ಬರೂ ಸತ್ತವಳ ನಾಲಿಗೆಯನ್ನು ಪಾಲು ಮಾಡಿಕೊಳ್ಳಲು ಜಗಳಕ್ಕೆ ನಿಂತರು. ಗದ್ದಲ ಕೇಳಿ ಓಣಿಯ ಹೆಂಗಸರೂ ಸೇರಿದರು. ಒಬ್ಬಳು ಗೋಧಿ ಪಾಯಸ ಎಂದಳು. ಇನ್ನೊಬ್ಬಳು ಮಾವಿನಕಾಯಿ ಉಪ್ಪಿನಕಾಯಿ ಎಂದು ಆಣೆ ಮಾಡಿದಳು. ವಿಚಾರಿಸಿದರೆ, ಯಾರು ಯಾವುದನ್ನು ಹೇಳಿದ್ದರೋ ಅದನ್ನು ಪಂಪಮ್ಮನ ಕೈಯಿಂದ ತಿಂದವರು ಅವರೇ. ಅವಳು ತಿಂದದ್ದನ್ನು ನೋಡಿದವರು ಒಬ್ಬರೂ ಇರಲಿಲ್ಲ.

ಸಣ್ಣಬಸಪ್ಪನಿಗೆ ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು. ಜೀವಮಾನವೆಲ್ಲ ಕೊನೆಗೆ ಉಂಡವಳು. ಇವತ್ತೊಂದು ದಿನ ಮೊದಲು ಉಣ್ಣಲು ಬಂದರೂ ಹಸಿದು ಹೋಗಬೇಕೆ? ಕಟ್ಟೆಯ ಮೇಲೆ ತಲೆ ಹಿಡಿದು ಕೂತ.

ಆಗ ಹೊಳೆಯಿತು. ಮಿರ್ಚಿ!

ಅಂಗಡಿ ಮುಚ್ಚಿ ಬರುವಾಗ ಬಸ್ ಸ್ಟ್ಯಾಂಡಿನ ಬಂಡಿಯಿಂದ ಬಿಸಿಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ತರುತ್ತಿದ್ದ. ಮಳೆಯಿರಲಿ, ಬಂದ್ ಇರಲಿ, ತಪ್ಪಿಸಿದವನಲ್ಲ. ಅವನು ಮೊದಲೇ ಒಂದೆರಡು ತಿಂದಿರುತ್ತಿದ್ದ. ಉಳಿದ ಪೊಟ್ಟಣವನ್ನು ಪಂಪಮ್ಮ ಎರಡೂ ಕೈಯಲ್ಲಿ ತಗೊಂಡು, "ಮರೀದಂಗ ತಂದ್ರಿ ನೋಡ್ರಿ," ಎಂದು ನಕ್ಕು ಒಳಗೆ ಹೋಗುತ್ತಿದ್ದಳು. ಆ ನಗೆ ನೆನೆದು ಕಟ್ಟೆಯಿಂದ ಎದ್ದ.

ಬಿಳಿ ಪಂಚೆಯಲ್ಲೇ ಓಡಿದ. ಬಂಡಿಯ ಕಲ್ಲೇಶ ಆಗಷ್ಟೇ ಹಿಟ್ಟು ಕಲಸುತ್ತಿದ್ದ. "ಒಲಿ ಹತ್ತಿಲ್ರಿ, ಸ್ವಲ್ಪ ತಡೀರಿ."

"ತಡಿಯಾಕ ಟೈಮಿಲ್ಲೋ ಮಾರಾಯ, ಆಕಿ ಬರೋ ಹೊತ್ತಾತು!"

ಸತ್ತವಳ ಬರವಿಗೆ ಹೀಗೆ ಅವಸರ ಮಾಡುವವನನ್ನು ಕಲ್ಲೇಶ ಕಂಡಿರಲಿಲ್ಲ. ಹೆದರಿ ಒಲೆ ಹಚ್ಚಿದ. ಸಣ್ಣಬಸಪ್ಪ ತಾನೇ ಮೆಣಸಿನಕಾಯಿ ಹಿಟ್ಟಿನಲ್ಲಿ ಅದ್ದಿ ಬಾಣಲೆಗೆ ಬಿಡಲು ಹೋದ. ಎಣ್ಣೆ ಸಿಡಿದು ಮುಂಗೈಯಲ್ಲಿ ಬೊಬ್ಬೆ ಎದ್ದಿತು, ಪಂಚೆಯೆಲ್ಲ ಕಡಲೆಹಿಟ್ಟಾಯಿತು.

"ಮಿರ್ಚಿ ಯಾರಾರ ಎಡಿಗೆ ಇಡ್ತಾರೇನು ಮಾವ?" ಎಂದು, ಅವನು ಪೊಟ್ಟಣ ಹಿಡಿದು ಮನೆಗೆ ಬಂದಾಗ ಯರ್ರಿಸ್ವಾಮಿ ಬಾಯಿ ಹಾಕಿದ.

"ದಿನಾ ತಿಂತಿದ್ಲು. ನಾ ತಂದದ್ದು." ಆ ದಿನ ಮೊದಲ ಸಲ ಸಣ್ಣಬಸಪ್ಪ ತಲೆಯೆತ್ತಿ ಮಾತಾಡಿದ. ವಿದ್ಯಾಶ್ರೀ ಅಪ್ಪನ ಬೊಬ್ಬೆ ನೋಡಿ, ಎಣ್ಣೆಗಾಯಿಯನ್ನು ಪಕ್ಕಕ್ಕೆ ಸರಿಸಿ ಎಲೆಯ ನಡುವೆ ಜಾಗ ಮಾಡಿದಳು. ಅವನೇ ಬಡಿಸಿದ. ಬಾಗಿಲು ಮುಚ್ಚಿ ಹೊರಗೆ ಕೂತಾಗ ಎದೆ ಹಗುರವಾಗಿತ್ತು. ಒಂದಾದರೂ ಗೊತ್ತಿತ್ತಲ್ಲ ಎಂದುಕೊಂಡ.

ಬಾಗಿಲು ತೆಗೆಯುವ ಹೊತ್ತಿಗೆ ಗುರುಶಾಂತಮ್ಮ ಬಂದಳು. ಹಿರಿಯಳಾದ್ದರಿಂದ ಫೋಟೊದ ಮುಂದೆ ಕೂತು, ಕಣ್ಣು ಮುಚ್ಚಿ, ಹಾಡಿಕೊಂಡು ಅಳತೊಡಗಿದಳು. ಹೋದವರ ಒಂದೊಂದು ಗುಣವನ್ನೂ ಎತ್ತಿ ಹಾಡಬೇಕು, ಬಿಟ್ಟರೆ ಪಾಪ.

"ನನ್ನವ್ವಾ ಪಂಪಮ್ಮಾ... ಗ್ವಾಡಿ ಮ್ಯಾಲಿಂದ ಇನ್ಯಾರು ಕೈ ಚಾಚ್ತಾರವ್ವಾ... ಎಣ್ಣಿದು ತಿಂದ್ರ ಎದಿ ಉರಿತೈತಿ, ನೀವು ತಿನ್ರಿ ಅಕ್ಕಾ ಅಂತಿದ್ಯಲ್ಲವ್ವಾ... ತಂದವ್ರು ನೊಂದ್ಕೊಂತಾರ, ಹೇಳಬ್ಯಾಡ್ರಿ ಅಂತಿದ್ಯಲ್ಲವ್ವಾ... ದಿನಾ ಸಂಜಿಗೆ ಬಿಸಿ ಬಿಸಿ ಮಿರ್ಚಿ..."

ಕಣ್ಣು ತೆರೆದು ಎಲೆ ನೋಡಿದಳು. ರಾಗ ಅಲ್ಲಿಗೇ ನಿಂತಿತು.

ಯರ್ರಿಸ್ವಾಮಿ ನೆಲ ನೋಡಿದ.

"ಮತ್ತ ಆಕಿಗೆ ಏನು ಸೇರ್ತಿತ್ತ್ರಿ?" ಸಣ್ಣಬಸಪ್ಪನ ದನಿ ಅವನಿಗೇ ಕೇಳಿಸಲಿಲ್ಲ.

ಗುರುಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾನೂ ಒಂದಿನ ಕೇಳಲಿಲ್ರಿ. ಕೊಟ್ಲು, ತಿಂದೆ."

ಎಡೆಯ ಮೊದಲ ತುತ್ತನ್ನು ಮನೆಯ ಯಜಮಾನ ತಿನ್ನಬೇಕು. "ಬ್ಯಾಡ ಬಿಡಪ್ಪಾ," ಎಂದಳು ವಿದ್ಯಾಶ್ರೀ. ಸಣ್ಣಬಸಪ್ಪ ಕೇಳಲಿಲ್ಲ. ಕೂತು, ಒಂದು ಮಿರ್ಚಿ ಎತ್ತಿಕೊಂಡು ಕಚ್ಚಿದ. ಕಣ್ಣೀರು ಇಳಿಯುತ್ತಿದ್ದರೂ ಅಗಿದ. ಆರಿದ್ದರೂ ಚೆನ್ನಾಗಿತ್ತು. ಅವನಿಗೆ ಮೊದಲಿನಿಂದಲೂ ಮಿರ್ಚಿ ಎಂದರೆ ಬಹಳ ಇಷ್ಟ.